ಸರ್ಫ್‌ಬೋರ್ಡ್‌ನ ಹಳೆಯ ಪ್ಯಾಡ್ ಮತ್ತು ಅಂಟು ತೆಗೆಯುವ ಬಗೆ

ಮೂಲ್ಕಿ, ಸಸಿಹಿತ್ಲು ಕಡಲಲ್ಲಿ ಅಲೆಯೇರುವವರ ಹಲಗೆಗಳನ್ನು ನೋಡಿದರೆ, ಹಲವದರ ಹಿಂತುದಿಯಲ್ಲಿ ರಬ್ಬರಿನಂಥ ಗೀರುಗೀರು ಹಾಳೆಯೊಂದು ಅಂಟಿರುವುದು ಕಾಣುತ್ತದೆ. ಇದೇ ಟ್ರ್ಯಾಕ್ಷನ್ ಪ್ಯಾಡ್. ಹಿಂದಿನ ಕಾಲು ಜಾರದಂತೆ ಹಿಡಿದಿಡುವುದು ಇದರ ಕೆಲಸ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಸರ್ಫರ್ ಹರ್ಬಿ ಫ್ಲೆಚರ್ 'ಆಸ್ಟ್ರೋಡೆಕ್' ಹೆಸರಿನಲ್ಲಿ ಇಂಥದ್ದನ್ನು ಮಾರಾಟಕ್ಕೆ ತಂದರು. ಈಗಿನ ಪ್ಯಾಡ್‌ಗಳು ಹೆಚ್ಚಾಗಿ ಇ.ವಿ.ಎ. ಫೋಮ್‌ನವು. ಚಪ್ಪಲಿಯ ಅಟ್ಟೆಗೂ ಇದೇ ವಸ್ತು ಬಳಕೆಯಾಗುತ್ತದೆ.

ಬಿಸಿಲು, ಉಪ್ಪುನೀರಿಗೆ ಕೆಲವು ವರ್ಷಗಳಲ್ಲಿ ಪ್ಯಾಡಿನ ಅಂಚು ಏಳುತ್ತದೆ. ಎದ್ದ ಅಂಚು ಹಿಡಿದು ಒಮ್ಮೆಲೇ ಕಿತ್ತವರು ಪೇಚಿಗೆ ಬೀಳುತ್ತಾರೆ. ಫೋಮ್ ಹರಿದು ಕೈಗೆ ಬರುತ್ತದೆ, ಅಂಟು ಹಲಗೆಯಲ್ಲೇ ಉಳಿಯುತ್ತದೆ. ಹಲಗೆ ಹಳೆಯದಾಗಿದ್ದರೆ ಫೈಬರ್‌ಗ್ಲಾಸ್ ಪದರವೂ ಜೊತೆಗೆ ಎದ್ದುಬರಬಹುದು.

ಅಂಟು ಸಡಿಲಾಗುವುದು ಬಿಸಿಗೆ. ತಲೆಗೂದಲು ಒಣಗಿಸುವ ಹೇರ್ ಡ್ರೈಯರ್ ಸಾಕು. ಅದನ್ನು ಒಂದೇ ಕಡೆ ಹಿಡಿಯದೆ ಆಡಿಸುತ್ತಿರಬೇಕು. ಹಲಗೆ ಮುಟ್ಟಿದ ಕೈಗೆ ತಾಳುವಷ್ಟು ಬಿಸಿಯಾದರೆ ಅಲ್ಲಿಗೇ ನಿಲ್ಲಿಸಬೇಕು. ಬಣ್ಣ ಸುಲಿಯುವ ಹೀಟ್ ಗನ್ ಮಾತ್ರ ಬೇಡವೇ ಬೇಡ. ಒಳಗಿನ ಫೋಮ್ ಉಬ್ಬಿ ಪದರ ಬಿಟ್ಟುಕೊಂಡರೆ ಆ ರಿಪೇರಿಯ ಖರ್ಚು ಹೊಸ ಪ್ಯಾಡಿನ ಬೆಲೆಯನ್ನು ಮೀರುತ್ತದೆ. ಬೆಚ್ಚಗಾದ ಅಂಚನ್ನು ಮೇಲಕ್ಕೆ ಜಗ್ಗದೆ, ಹಲಗೆಗೆ ಒರಗಿದಂತೆ ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಬೇಕು. ಹಟ ಹಿಡಿದ ಕಡೆ ಗಾಳದ ನೈಲಾನ್ ದಾರವನ್ನು ಅಡಿಗೆ ತೂರಿಸಿ ಗರಗಸದಂತೆ ಆಚೀಚೆ ಎಳೆದರೆ ಬಿಡುತ್ತದೆ. ಕೆರೆಯಲು ಪ್ಲಾಸ್ಟಿಕ್ ಪಟ್ಟಿಯೇ ಆಗಬೇಕು, ಚಾಕು ಸಲ್ಲದು.

ಬೇಸರದ ಕೆಲಸವೆಂದರೆ ಉಳಿದ ಅಂಟು. ಮೊದಲು ಹೆಬ್ಬೆರಳಿನಿಂದ ಉಜ್ಜಿ ಉಂಡೆ ಮಾಡಿ ತೆಗೆದಷ್ಟೂ ಲಾಭ. ಮಿಕ್ಕಿದ್ದಕ್ಕೆ ಟರ್ಪೆಂಟೈನ್ ಅದ್ದಿದ ಬಟ್ಟೆಯನ್ನು ಕೆಲವು ನಿಮಿಷ ಹಾಸಿಟ್ಟು ಒರೆಸಬಹುದು. ಅಡುಗೆ ಎಣ್ಣೆಯೂ ನಿಧಾನಕ್ಕೆ ಅಂಟನ್ನು ಮೆತ್ತಗಾಗಿಸುತ್ತದೆ. ಉಗುರು ಬಣ್ಣ ಅಳಿಸಲು ಬಳಸುವ ಅಸಿಟೋನ್ ಬೇಗ ಕೆಲಸ ಮಾಡುತ್ತದೆ ನಿಜ, ಆದರೆ ಹಲಗೆಯ ಮೇಲಿನ ಬಣ್ಣವನ್ನೂ ತಿನ್ನುತ್ತದೆ. ಎಪಾಕ್ಸಿ ಹಲಗೆಗಳ ಒಳಗೆ ಸಾಮಾನ್ಯವಾಗಿ ಇರುವುದು ಥರ್ಮೋಕೋಲ್ ಜಾತಿಯ ಇ.ಪಿ.ಎಸ್. ಫೋಮ್. ಬಿರುಕಿನಿಂದ ಒಂದೆರಡು ಹನಿ ಅಸಿಟೋನ್ ಇಳಿದರೂ ಅದು ಕರಗಿ ಗುಳಿ ಬೀಳುತ್ತದೆ. ಆದ್ದರಿಂದ ಬಿರುಕಿದ್ದಲ್ಲಿ ಟರ್ಪೆಂಟೈನ್ ಸೇರಿದಂತೆ ಯಾವ ದ್ರಾವಕವೂ ಬೇಡ. ಮೆತ್ತನೆ ಮೈಯ ಕಲಿಕಾ ಹಲಗೆಗಳಿಗೂ ಇದೇ ಮಾತು. ದ್ರಾವಕ ಬಳಸುವಾಗ ಗಾಳಿಯಾಡುವ ಜಾಗ ಬೇಕು, ಕೈಗವಸು ಬೇಕು, ಹತ್ತಿರ ಬೆಂಕಿ ಇರಬಾರದು.

ಪ್ಯಾಡ್ ತೆಗೆದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದನ್ನು ಬಹಳ ಮಂದಿ ಮರೆಯುತ್ತಾರೆ. ಹಿಮ್ಮಡಿಯ ಒತ್ತಡ ಬೀಳುವುದು ಅಲ್ಲೇ. ಪ್ಯಾಡಿನಡಿ ಕಣ್ಣಿಗೆ ಬೀಳದ ಸಣ್ಣ ಬಿರುಕುಗಳಿಂದ ನೀರು ಒಳಸೇರಿರಬಹುದು. ಮೆತ್ತಗಿದ್ದರೆ, ಹಳದಿ ಕಲೆ ಕಂಡರೆ, ಹಲಗೆ ಪೂರ್ತಿ ಒಣಗುವವರೆಗೆ ನೆರಳಿನಲ್ಲಿಟ್ಟು, ರೆಸಿನ್‌ನಿಂದ ಬಿರುಕು ಮುಚ್ಚಿಸಬೇಕು. ಆಮೇಲೆ ಎಣ್ಣೆ, ಮೇಣದ ಜಿಡ್ಡು ಹೋಗುವಂತೆ ಸಾಬೂನು ನೀರಿನಿಂದ ತೊಳೆದು ಒಣಗಿಸಿ, ಸ್ಪಿರಿಟ್‌ನಿಂದ ಒರೆಸಿ ಹೊಸ ಪ್ಯಾಡ್ ಒತ್ತಿ ಅಂಟಿಸಬೇಕು. 24 ಗಂಟೆ ಹಲಗೆಯನ್ನು ನೀರಿಗೆ ಇಳಿಸಬಾರದು.