ಹಾಡಿನ ಸುಂಕ

ಕಚೇರಿ ಮುಗಿಸಿ ರಾಜೀವ್ ಚೌಕದಲ್ಲಿ ಮೆಟ್ರೊ ಹಿಡಿಯುವ ಮುನ್ನ ನಾವು ಎಷ್ಟೋ ಸಂಜೆ ರೀಗಲ್ ಕಟ್ಟಡದ ಮುಂದೆ ಹಾದುಹೋಗಿದ್ದೇವೆ. 2017ರ ಮಾರ್ಚಿನಲ್ಲಿ ಅಲ್ಲಿಯ ಚಿತ್ರಮಂದಿರ ಮುಚ್ಚಿದಾಗ ದಿಲ್ಲಿಯ ಹಳಬರು ಸಿನಿಮಾಕ್ಕಾಗಿ ಮರುಗಿದರು. ಆ ಕಟ್ಟಡಕ್ಕೆ ಸಂಗೀತದ ಚರಿತ್ರೆಯೂ ಒಂದಿದೆ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಗೇಲಾರ್ಡಿನಂತಹ ರೆಸ್ಟೋರೆಂಟುಗಳಲ್ಲಿ ವಾದ್ಯವೃಂದಗಳು ನುಡಿಸುತ್ತಿದ್ದವು. ಎಪ್ಪತ್ತರ ದಶಕದಲ್ಲಿ ‘ದಿ ಸೆಲ್ಲರ್’ ಎಂಬ ಡಿಸ್ಕೊಥೆಕ್ ಅಲ್ಲಿ ಹೆಸರು ಮಾಡಿತು. ವಾದ್ಯಗಾರರ ಜಾಗಕ್ಕೆ ಗ್ರಾಮಫೋನ್ ತಟ್ಟೆ ಬಂದಿತು. ವಾದ್ಯಗಾರನಿಗೆ ರಾತ್ರಿಯ ಸಂಬಳ ಕೊಟ್ಟರೆ ತನ್ನ ಲೆಕ್ಕ ಚುಕ್ತಾ ಎಂದು ಮಾಲೀಕ ನಂಬಿದ್ದ. ತಟ್ಟೆಯನ್ನೂ ಕಾಸು ಕೊಟ್ಟೇ ಕೊಂಡಿದ್ದೇನಲ್ಲ, ಮತ್ತೆ ಯಾರಿಗೆ ಕೊಡಬೇಕು? ಗುರುಗ್ರಾಮದ ಸೈಬರ್ ಹಬ್ಬಿನವರೆಗೂ ಇಂದು ಕೇಳಿಬರುವುದು ಈ ಪ್ರಶ್ನೆಯೇ.

ಪ್ರಶ್ನೆ ಹುಟ್ಟಿದ್ದು ಪ್ಯಾರಿಸಿನಲ್ಲಿ. 1847ರಲ್ಲಿ ಅರ್ನೆಸ್ಟ್ ಬೂರ್ಜೆ ಎಂಬ ರಚನಕಾರ ಸ್ನೇಹಿತರೊಡನೆ ಆಂಬಾಸಡರ್ ಎಂಬ ಕೆಫೆಯಲ್ಲಿ ಕುಳಿತಿದ್ದಾಗ ಅವರದೇ ಹಾಡುಗಳನ್ನು ಅಲ್ಲಿ ಹಾಡುತ್ತಿದ್ದರು. ನಮ್ಮ ಹಾಡಿಗೆ ನೀವು ಕಾಸು ಕೊಟ್ಟಿಲ್ಲ, ನಿಮ್ಮ ಪಾನೀಯಕ್ಕೆ ನಾವೂ ಕೊಡುವುದಿಲ್ಲ ಎಂದು ಅವರು ಪಟ್ಟು ಹಿಡಿದರು. ನ್ಯಾಯಾಲಯ ರಚನಕಾರರ ಪಕ್ಷ ವಹಿಸಿತು. 1851ರಲ್ಲಿ ‘ಸಾಸೆಮ್’ ಎಂಬ ಸಂಘ ಹುಟ್ಟಿತು. ಇಂಗ್ಲೆಂಡಿನಲ್ಲಿ ಜಗಳ ನಡೆದದ್ದು ಬ್ರಿಸ್ಟಲ್ಲಿನ ಒಂದು ಉಪಾಹಾರಗೃಹದಲ್ಲಿ. 1933ರಲ್ಲಿ ಕಾರ್ವರ್ಡೀನ್ ಎಂಬ ಆ ಸಂಸ್ಥೆ ಗಿರಾಕಿಗಳಿಗಾಗಿ ತಟ್ಟೆ ನುಡಿಸಿದ್ದಕ್ಕೆ ಗ್ರಾಮಫೋನ್ ಕಂಪನಿ ದಾವೆ ಹೂಡಿ ಗೆದ್ದಿತು. ತಟ್ಟೆ ಕೊಂಡವನಿಗೆ ಅದನ್ನು ಮನೆಯಲ್ಲಿ ಕೇಳುವ ಹಕ್ಕು ಮಾತ್ರ, ವ್ಯಾಪಾರದಲ್ಲಿ ಕೇಳಿಸುವುದಲ್ಲ ಎಂದಾಯಿತು. ಮರುವರ್ಷವೇ ಅಲ್ಲಿ ಪಿಪಿಎಲ್ ಸ್ಥಾಪನೆಯಾಯಿತು. ಅದೇ ಹೆಸರಿನ ಸಂಸ್ಥೆ ಭಾರತಕ್ಕೆ ಬಂದದ್ದು 1941ರಲ್ಲಿ.

ಹೀಗೆ ಒಂದೇ ಹಾಡಿಗೆ ಎರಡು ಸುಂಕದ ಕಟ್ಟೆಗಳಾದವು. ಸಾಹಿತ್ಯ ಹಾಗೂ ಸ್ವರಸಂಯೋಜನೆಗೆ ಒಂದು, ಧ್ವನಿಮುದ್ರಿಕೆಗೆ ಇನ್ನೊಂದು. ನಮ್ಮ ದೇಶದಲ್ಲಿ ಮೊದಲನೆಯದನ್ನು ನೋಡಿಕೊಳ್ಳಲು ಐಪಿಆರ್‌ಎಸ್ ಆರಂಭವಾದದ್ದು 1969ರಲ್ಲಿ. ಅದು ದರಪಟ್ಟಿ ಪ್ರಕಟಿಸಿದೊಡನೆಯೇ ಚಿತ್ರೋದ್ಯಮ ಎದುರು ನಿಂತಿತು. 1977ರಲ್ಲಿ ಸರ್ವೋಚ್ಚ ನ್ಯಾಯಾಲಯ, ಚಿತ್ರಕ್ಕಾಗಿ ನಿರ್ಮಾಪಕ ಹಣ ಕೊಟ್ಟು ಮಾಡಿಸಿದ ಹಾಡಿಗೆ ಬೇರೆ ಒಪ್ಪಂದ ಇಲ್ಲದಿದ್ದರೆ ನಿರ್ಮಾಪಕನೇ ಒಡೆಯ ಎಂದಿತು. ತೀರ್ಪಿಗೆ ಪ್ರತ್ಯೇಕ ಟಿಪ್ಪಣಿ ಬರೆದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ಹಾಡಿದವನ ಕಂಠಕ್ಕೆ ಕಾನೂನಿನಲ್ಲಿ ಯಾವ ಹಕ್ಕೂ ಇಲ್ಲದಿರುವುದನ್ನು ಎತ್ತಿ ತೋರಿದರು. ಕಂಠಕ್ಕೆ ಹಕ್ಕು ದೊರೆತದ್ದು 1994ರ ತಿದ್ದುಪಡಿಯಲ್ಲಿ. ಗೀತರಚನಕಾರರು ಮತ್ತು ಸಂಗೀತ ನಿರ್ದೇಶಕರು 2012ರವರೆಗೆ ಕಾದರು. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಅವರ ಪರವಾಗಿ ಮಾತನಾಡಿದ ಆ ತಿದ್ದುಪಡಿಯ ನಂತರ ರಚನಕಾರ ತನ್ನ ರಾಯಧನದ ಪಾಲನ್ನು ಬರೆದುಕೊಟ್ಟರೂ ಅದು ಕಂಪನಿಗೆ ಸೇರದು. ಹಾಡಿನಿಂದ ಕಂಪನಿಗಳು ಬೆಳೆದು, ಹಾಡು ಕಟ್ಟಿದವರು ಬರಿಗೈಯಲ್ಲಿ ಉಳಿದ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ.

ಆದರೆ ಅದೇ ಕಾಯಿದೆ ದಿಲ್ಲಿಯ ಕ್ಲಬ್ಬುಗಳಿಗೆ ಹೊಸ ತೊಡಕು ತಂದಿತು. ಹಕ್ಕುಸ್ವಾಮ್ಯ ಸಂಘಗಳೆಲ್ಲ ಮತ್ತೆ ನೋಂದಾಯಿಸಿಕೊಳ್ಳಬೇಕಿತ್ತು. ಐಪಿಆರ್‌ಎಸ್ 2017ರಲ್ಲಿ ನೋಂದಣಿ ಪಡೆಯಿತು. ಪಿಪಿಎಲ್‌ಗೆ ಅದು ಸಿಗಲಿಲ್ಲ. 2021ರಲ್ಲಿ ಧ್ವನಿಮುದ್ರಿಕೆಗಳ ನೋಂದಣಿ ಆರ್‌ಎಂಪಿಎಲ್ ಎಂಬ ಮತ್ತೊಂದು ಸಂಸ್ಥೆಗೆ ಹೋಯಿತು. ಆದರೂ ತಾನು ಈ ಹಾಡುಗಳ ಒಡೆಯನೇ, ಒಡೆಯನಿಗೆ ಸಂಘದ ಹಂಗೇಕೆ ಎಂಬುದು ಪಿಪಿಎಲ್‌ನ ವಾದ. ನ್ಯಾಯಾಲಯಗಳ ಉತ್ತರವೂ ಒಂದೇ ಆಗಿಲ್ಲ. 2021ರಲ್ಲಿ ಮದ್ರಾಸ್ ಹೈಕೋರ್ಟು ಇಂಥದೇ ವಾದವನ್ನು ಒಪ್ಪಲಿಲ್ಲ. 2024ರಲ್ಲಿ ಬಾಂಬೆ ಹೈಕೋರ್ಟು ಒಪ್ಪಿತು. ದಿಲ್ಲಿಯಲ್ಲಿ ‘ಮಾಮಾಗೋಟೊ’ ಮುಂತಾದ ಉಪಾಹಾರಗೃಹಗಳನ್ನು ನಡೆಸುವ ಅಜೂರ್ ಸಂಸ್ಥೆಯ ವಿರುದ್ಧ 2025ರ ಮಾರ್ಚಿನಲ್ಲಿ ಏಕಸದಸ್ಯ ಪೀಠ ಪಿಪಿಎಲ್ ಪರ ಮಧ್ಯಂತರ ಆದೇಶ ನೀಡಿತು. ಏಪ್ರಿಲಿನಲ್ಲಿ ವಿಭಾಗೀಯ ಪೀಠ ಅದನ್ನು ಬದಲಿಸಿ, ಆರ್‌ಎಂಪಿಎಲ್ ದರದಂತೆ ಹಣ ಕೊಡಿ ಎಂದಿತು. ಒಂದು ವಾರದೊಳಗೆ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು.

ಈ ಗೊಂದಲದ ಫಲ ಕಾಣಿಸುವುದು ಡಿಸೆಂಬರಿನಲ್ಲಿ. ಹೊಸ ವರ್ಷದ ರಾತ್ರಿ ಹತ್ತಿರವಾದಂತೆ ನೋಟೀಸುಗಳು, ತಡೆಯಾಜ್ಞೆಯ ಅರ್ಜಿಗಳು ಹೊರಡುತ್ತವೆ. ಉಲ್ಲಂಘನೆ ಸಾಬೀತಾದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. 2022ರಲ್ಲಿ ದಿಲ್ಲಿಯದೇ ಒಂದು ಪ್ರಕರಣದಲ್ಲಿ ಇದು ಪೊಲೀಸರು ನೇರವಾಗಿ ಕೈಹಾಕಬಹುದಾದ ಅಪರಾಧವೆಂದೂ ಇತ್ಯರ್ಥವಾಗಿದೆ. ಮದ್ಯದ ಪರವಾನಗಿಗೆ ಲಕ್ಷಗಟ್ಟಲೆ ತೆರುವ ಮಾಲೀಕ ಹಾಡಿನ ಬಿಲ್ಲಿಗೆ ಸಿಡುಕುವುದನ್ನು ಕಂಡರೆ ನಮಗೆ ಮೊದಲು ನಗು ಬರುತ್ತಿತ್ತು. ಅಬಕಾರಿ ಶುಲ್ಕ ಪಡೆಯುವವರು ಒಬ್ಬರೇ, ಎಷ್ಟೆಂಬುದೂ ಮೊದಲೇ ಗೊತ್ತು; ಹಾಡಿಗೆ ಒಬ್ಬರಿಗೆ ಕೊಟ್ಟ ರಸೀದಿ ಇನ್ನೊಬ್ಬರ ನೋಟೀಸಿಗೆ ಉತ್ತರವಾಗುವುದಿಲ್ಲ. ಅಷ್ಟರಮಟ್ಟಿಗೆ ಅವನ ದೂರು ನಿಜ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಎನ್ನುತ್ತೇವೆ. ಇಲ್ಲಿ ಸುಂಕದವನು ಯಾರೆಂಬುದೇ ತೀರ್ಮಾನವಾಗಿಲ್ಲ. ದೊಡ್ಡ ಹೋಟೆಲು ವಕೀಲರನ್ನು ಇಟ್ಟುಕೊಳ್ಳುತ್ತದೆ. ನಾಲ್ಕು ಮೇಜಿನ ಹೌಜ್ ಖಾಸ್‌ನ ಬಾರು ಸ್ಪೀಕರ್ ಆರಿಸುತ್ತದೆ, ಇಲ್ಲವೇ ಸಿಕ್ಕಿಬೀಳುವವರೆಗೆ ಕದ್ದು ಹಾಡುತ್ತದೆ. ವಿಚಿತ್ರವೆಂದರೆ 2018ರಲ್ಲಿ ದಿಲ್ಲಿಯ ಅಬಕಾರಿ ಇಲಾಖೆ ಬಾರುಗಳಲ್ಲಿ ಕಲಾವಿದರು ಹಾಡಿ ನುಡಿಸಬಹುದು, ಧ್ವನಿಮುದ್ರಿತ ಸಂಗೀತ ಕೂಡದು ಎಂದು ಸುತ್ತೋಲೆ ಹೊರಡಿಸಿತ್ತು. ಮಾಲೀಕರು ಅದಕ್ಕೂ ಹೈಕೋರ್ಟಿನ ಮೆಟ್ಟಿಲೇರಿದರು. ಬೆಂಗಳೂರಿನಲ್ಲಿ ‘ಲೈವ್ ಬ್ಯಾಂಡ್’ ಎಂದರೆ ಪೊಲೀಸರು ಹುಬ್ಬೇರಿಸುತ್ತಿದ್ದುದನ್ನು ಕಂಡ ನಮಗೆ ಇದು ತಲೆಕೆಳಗಾದ ಲೋಕದಂತೆ ತೋರಿತ್ತು.

ಕಳೆದ ರಾಜ್ಯೋತ್ಸವದ ಸಿದ್ಧತೆಯಲ್ಲಿ ನಮ್ಮ ಬಡಾವಣೆಯ ಪುಟ್ಟ ಕನ್ನಡ ಕೂಟದಲ್ಲೂ ಈ ಮಾತು ಬಂತು. ಹಳೆಯ ಚಿತ್ರಗೀತೆಗಳನ್ನು ಸ್ಪೀಕರಿನಲ್ಲಿ ಹಾಕಿದರೆ ಯಾರಾದರೂ ಬಂದಾರೇ ಎಂದು ಖಜಾಂಚಿಗಳು ಕೇಳಿದರು. ನಾವು ಕಾಯಿದೆಯ 52ನೆಯ ಕಲಮನ್ನು ತೆರೆದು ಓದಿದೆವು. ಲಾಭಕ್ಕಾಗಿ ನಡೆಯದ ಸಂಘ ತನ್ನ ಚಟುವಟಿಕೆಯ ಭಾಗವಾಗಿ ಧ್ವನಿಮುದ್ರಿಕೆ ಕೇಳಿಸಬಹುದು; ಹವ್ಯಾಸಿ ಸಂಘದವರು ಕಾಸು ಕೊಡದ ಸಭಿಕರ ಮುಂದೆ ತಾವೇ ಹಾಡಬಹುದು. ಊಟದ ಖರ್ಚು ಹೊಂದಿಸಲು ಹಾಡಿನ ಸಂಜೆಗೆ 200 ರೂಪಾಯಿಯ ಟಿಕೆಟ್ ಇಡುವ ಯೋಚನೆ ಅಲ್ಲಿಗೇ ನಿಂತಿತು. ಆ ಸಲ ಬಿಸಿಬೇಳೆಬಾತಿನ ಖರ್ಚನ್ನು ಸಮಿತಿಯವರೇ ಹಂಚಿಕೊಂಡೆವು.