ಬಿಸಿನೀರಿನ ಅಪಸ್ಮಾರ

ಬಿಸಿನೀರಿನ ಅಪಸ್ಮಾರವು ತಲೆಯ ಮೇಲೆ ಬಿಸಿನೀರು ಸುರಿದುಕೊಂಡಾಗ ಸೆಳವು ಉಂಟಾಗುವ ನರರೋಗ. ನಿರ್ದಿಷ್ಟ ಪ್ರಚೋದನೆಯಿಂದ ತಲೆದೋರುವ ಕಾರಣ ಇದನ್ನು ಪ್ರತಿವರ್ತನ ಅಪಸ್ಮಾರಗಳ ಗುಂಪಿಗೆ ಸೇರಿಸಲಾಗಿದೆ. ದಕ್ಷಿಣ ಕರ್ನಾಟಕದಿಂದ ಇದರ ಅನೇಕ ಪ್ರಕರಣಗಳು ವರದಿಯಾಗಿವೆ.

ಅಧ್ಯಯನ

ಬೆಂಗಳೂರಿನ ನರರೋಗತಜ್ಞ ಕೆ. ಎಸ್. ಮಣಿ ಮತ್ತು ಸಂಗಡಿಗರು 1960ರ ದಶಕದ ಕೊನೆಯಿಂದ ಈ ರೋಗದ ವಿವರಗಳನ್ನು ದಾಖಲಿಸಿದರು. ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಸಂಸ್ಥೆಯ ಪಿ. ಸತೀಶ್‌ಚಂದ್ರ ಮತ್ತು ಸಹೋದ್ಯೋಗಿಗಳು 1988ರಲ್ಲಿ 279 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು.

ಲಕ್ಷಣಗಳು

ಚೊಂಬಿನಿಂದ ಒಂದೇ ಸಮನೆ ನೀರು ಸುರಿದುಕೊಳ್ಳುವಾಗ ರೋಗಿಯ ದೃಷ್ಟಿ ನೆಟ್ಟು, ಪ್ರಜ್ಞೆ ಮಸುಕಾಗುತ್ತದೆ, ಮಾತು ಅಸಂಬದ್ಧವಾಗಬಹುದು. ಕೆಲವರು ಸೆಳವು ಆರಂಭವಾದ ಮೇಲೂ ನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ.

ಔಷಧ ಮತ್ತು ಅದರ ಕ್ರಿಯೆ

ನೀರಿನ ಬಿಸಿಯನ್ನು ತಗ್ಗಿಸುವುದು ಮೊದಲ ಕ್ರಮ. ಅದು ಸಾಲದಿದ್ದರೆ, ಸ್ನಾನದ ವೇಳೆ ಮಾತ್ರ ಸೆಳವು ಬರುವವರಿಗೆ ತಲೆಸ್ನಾನಕ್ಕೆ ಒಂದೂವರೆಯಿಂದ ಎರಡು ಗಂಟೆ ಮೊದಲು ಕ್ಲೋಬಜಾಮ್ ಮಾತ್ರೆ ನೀಡುವ ಪದ್ಧತಿಯಿದೆ. ಬೆಂಜೋಡಯಾಜೆಪೀನ್ ವರ್ಗದ ಈ ಔಷಧವು ಮಿದುಳಿನ ಗಾಬಾ ಎಂಬ ನರವಾಹಕದ ಪರಿಣಾಮವನ್ನು ಹೆಚ್ಚಿಸುತ್ತದೆ. ಆಗ ಕ್ಲೋರೈಡ್ ಅಯಾನುಗಳು ನರಕೋಶದೊಳಗೆ ಹರಿದು ಅದರ ಉದ್ರೇಕ ತಗ್ಗುತ್ತದೆ. ಪ್ರತಿದಿನ ಸೇವಿಸಿದರೆ ದೇಹ ಒಗ್ಗಿಕೊಂಡು ಔಷಧದ ಪ್ರಭಾವ ಕುಂದಬಹುದು. ಸ್ನಾನದ ದಿನಕ್ಕಷ್ಟೇ ಸೀಮಿತಗೊಳಿಸಿದರೆ ಆ ಸಾಧ್ಯತೆ ಕಡಿಮೆ. ಸ್ನಾನವಿಲ್ಲದಾಗಲೂ ಸೆಳವು ಬರುವವರಿಗೆ ನಿತ್ಯದ ಔಷಧ ಬೇಕಾಗುತ್ತದೆ.

ಎಚ್ಚರಿಕೆ

ಕ್ಲೋಬಜಾಮ್ ತೂಕಡಿಕೆ ತರಬಲ್ಲದು. ಮದ್ಯದೊಂದಿಗೆ ಸೇವಿಸುವುದು ಅಪಾಯಕರ. ನಿತ್ಯ ಸೇವಿಸುವವರು ಅದನ್ನು ಹಠಾತ್ತನೆ ನಿಲ್ಲಿಸಬಾರದು. ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ರೋಗಿಯು ಬಚ್ಚಲುಮನೆಯ ಚಿಲಕ ಹಾಕಿಕೊಳ್ಳದಿರುವುದು ಕ್ಷೇಮ.