ಹೆಸರು ಕೂಗುವ ಕೆಲಸ

ಮೂವತ್ತೈದು ವರ್ಷ ಮಾನ್ವಿ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿದೆ. ಶಾಲೆಯಲ್ಲಿ ದಿನಾ ಹಾಜರಿ ಕೂಗುತ್ತಿದ್ದೆ. ಚುನಾವಣೆ ಬಂದಾಗ ಊರಿನ ಹಾಜರಿ ಕೂಗುತ್ತಿದ್ದೆ. ಮತಗಟ್ಟೆಯಲ್ಲಿ ನನ್ನ ಪಾಲಿಗೆ ಬಹುತೇಕ ಬರುತ್ತಿದ್ದದ್ದು ಮೊದಲನೇ ಪೋಲಿಂಗ್ ಅಧಿಕಾರಿಯ ಕುರ್ಚಿ. ಮತದಾರರ ಪಟ್ಟಿ ಮುಂದಿಟ್ಟುಕೊಂಡು ಬಂದವರ ಕ್ರಮಸಂಖ್ಯೆ ಹುಡುಕಬೇಕು, ಏಜೆಂಟರ ಕಿವಿಗೆ ಬೀಳುವಂತೆ ಹೆಸರನ್ನು ಗಟ್ಟಿಯಾಗಿ ಓದಬೇಕು. ಯಾರೂ ತಕರಾರು ತೆಗೆಯದಿದ್ದರೆ ಬೆರಳಿಗೆ ಶಾಯಿ. ರಾಯಚೂರು ಸೀಮೆಯ ಚುನಾವಣೆಗಳ ಇತಿಹಾಸವನ್ನು ನಾನು ಕಂಡದ್ದು ಈ ಕುರ್ಚಿಯಿಂದ, ಹೆಸರುಗಳ ಮೂಲಕ.

ನನ್ನ ಅಜ್ಜಿಯ ಹೆಸರು ಹುಸೇನಮ್ಮ. ಮೊಹರಂ ಅಲಾಯಿ ಕುಣಿಯುವ ದಿನ ಹುಟ್ಟಿದ್ದಕ್ಕೆ ಆ ಹೆಸರು. ನಮ್ಮ ಕಡೆ ಹಿಂದೂಗಳ ಮನೆಯಲ್ಲೂ ಹುಸೇನಪ್ಪ, ಮೌಲಮ್ಮ, ಫಕೀರಮ್ಮ ಇದ್ದೇ ಇರುತ್ತಾರೆ. ಮೊದಲ ಚುನಾವಣೆಗೆ ಪಟ್ಟಿ ಬರೆಯಲು ಬಂದವರಿಗೆ ಅವಳು, "ಮಲ್ಲಪ್ಪನ ಅವ್ವ ಅಂತ ಬರಕೋರಿ" ಅಂದಳಂತೆ. ಬಂದವರು ಒಪ್ಪಲಿಲ್ಲ. "ನಿನ್ನ ಹೆಸರೇ ಬೇಕವ್ವ" ಎಂದು ಕಟ್ಟೆಯ ಮೇಲೆ ಕೂತೇಬಿಟ್ಟರು. ಅಜ್ಜ ದನದ ಕೊಟ್ಟಿಗೆಗೆ ಹೋಗುವವರೆಗೆ ಕಾದು, ಮೆಲ್ಲಗೆ ತನ್ನ ಹೆಸರು ಹೇಳಿದಳು. ಅತ್ತೆಮನೆಗೆ ಬಂದ ಮೇಲೆ ಸ್ವಂತ ಬಾಯಿಂದ ತನ್ನ ಹೆಸರು ಹೇಳಿದ್ದು ಅದೇ ಮೊದಲು ಎನ್ನುತ್ತಿದ್ದಳು.

ಆ ಹಟ ಒಬ್ಬ ಗುಮಾಸ್ತನದಲ್ಲ. ದೇಶದ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರದು. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿ ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ಹೆಂಗಸರು ಆಗ ಪಟ್ಟಿಯಿಂದ ಹೊರಗುಳಿದರು. ಅವರಲ್ಲಿ ಹೆಚ್ಚಿನವರು ಉತ್ತರದ ಪ್ರಾಂತಗಳವರು. ನಮ್ಮ ಹುಸೇನಮ್ಮ ಉಳಿದುಕೊಂಡಳು.

ಆಗ ರಾಯಚೂರು ಹೈದರಾಬಾದ್ ಸಂಸ್ಥಾನದ ಜಿಲ್ಲೆ. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿದು ನಾಲ್ಕು ವರ್ಷವೂ ತುಂಬಿರಲಿಲ್ಲ. ಅಲ್ಲಿಯವರೆಗೆ ಹಳ್ಳಿಯ ಕೂಲಿಯವನ ಹೆಸರು ಕೂಗಿದರೆ ಅದು ಬಿಟ್ಟಿ ಚಾಕರಿಗೆ ಇಲ್ಲವೇ ಬಾಕಿ ವಸೂಲಿಗೆ. ಅವನ ಹೆಸರಿದ್ದದ್ದು ಪಟವಾರಿಯ ದಫ್ತರದಲ್ಲಿ, ಸಾವುಕಾರನ ಖಾತೆಯಲ್ಲಿ. 1952ರಲ್ಲಿ 175 ಸ್ಥಾನಗಳ ಹೈದರಾಬಾದ್ ವಿಧಾನಸಭೆಗೆ ಚುನಾವಣೆ ನಡೆದಾಗ ಇದೇ ಜನ, ತಮ್ಮ ಹೆಸರು ಬೇರೆ ಕಾರಣಕ್ಕೆ ಕೂಗಿದ್ದನ್ನು ಕೇಳಿದರು. ಹೆದರಿಕೊಂಡೇ ಒಳಗೆ ಹೋದೆವು ಎಂದು ಅಜ್ಜಿ ಹೇಳುತ್ತಿದ್ದಳು. ಒಳಗೆ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿತ್ರ. ಗುರುತು ಒತ್ತುವ ಕೆಲಸವಿಲ್ಲ. ಕೈಯಲ್ಲಿದ್ದ ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಿ ಬರುವುದು. ಅಜ್ಜಿ ಜೋಡೆತ್ತಿನ ಪೆಟ್ಟಿಗೆಗೆ ಹಾಕಿದಳು. ಎತ್ತು ಮನೆಯಲ್ಲೂ ಇತ್ತು, ಗುರುತು ಸಿಕ್ಕಿತು ಎಂಬುದು ಅವಳ ಕಾರಣ.

1956ರ ನವೆಂಬರ್ 1ರಂದು ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋಗಿ, ಉಳಿದ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ ಮೈಸೂರು ವಿಧಾನಸಭೆಗೆ ಮಾನ್ವಿಯಿಂದ ಆರಿಸಿ ಬಂದವರು ಬಸವರಾಜೇಶ್ವರಿ. ಮುಂದೆ 1984, 1989, 1991ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಹೋದರು, ನರಸಿಂಹ ರಾವ್ ಸರ್ಕಾರದಲ್ಲಿ ಮಂತ್ರಿಯಾದರು. ಹೆಂಗಸರ ಹೆಸರು ಪಟ್ಟಿಗೆ ಸೇರಿ ಐದಾರು ವರ್ಷಕ್ಕೆ ಒಬ್ಬ ಹೆಂಗಸಿನ ಹೆಸರು ಮಾನ್ವಿಯಿಂದ ಬೆಂಗಳೂರಿಗೆ ಹೋಗಿತ್ತು. ಈ ಮಾತನ್ನು ತರಗತಿಯಲ್ಲಿ ಹುಡುಗಿಯರಿಗೆ ತಪ್ಪದೆ ಹೇಳುತ್ತಿದ್ದೆ.

ನನ್ನ ಮೊದಲ ಡ್ಯೂಟಿ 1978ರ ಫೆಬ್ರುವರಿಯಲ್ಲಿ, ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಪೆಟ್ಟಿಗೆ, ಮತಪತ್ರದ ಕಟ್ಟು, ಅರಗು, ದಾರ, ಮೈಸೂರಿನ ಕಾರ್ಖಾನೆಯಿಂದ ಬಂದ ಶಾಯಿಯ ಸೀಸೆ ಎಲ್ಲವನ್ನೂ ಎಣಿಸಿಕೊಂಡು ಬಸ್ಸು ಹತ್ತಿದೆವು. ರಾತ್ರಿ ಶಾಲೆಯ ನೆಲದ ಮೇಲೆ, ಕಂದೀಲಿನ ಬೆಳಕಲ್ಲಿ ಪಟ್ಟಿ ಓದಿಕೊಂಡೆ. ಹುಲಿಗೆಮ್ಮ, ದುರಗಮ್ಮ, ಅಯ್ಯಮ್ಮ, ಕರೆಮ್ಮ. ಒಂದೇ ಊರಿನಲ್ಲಿ ಹತ್ತು ಯಲ್ಲಮ್ಮ. ಗಂಡನ ಹೆಸರಿನಿಂದಲೇ ಬೇರೆ ಮಾಡಬೇಕು.

ತೊಡಕು ಬಂದದ್ದು ಅಲ್ಲೇ. "ಗಂಡನ ಹೆಸರೇನವ್ವ?" ಎಂದು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಗಂಡನ ಹೆಸರು ಹೇಳಬಾರದೆಂಬ ಪದ್ಧತಿ. ಸೆರಗು ಬಾಯಿಗೆ ಹಿಡಿದು, ಹಿಂದೆ ನಿಂತವಳನ್ನು ಮೊಣಕೈಯಿಂದ ತಿವಿಯುವರು. ಆಕೆ ಹೇಳುವಳು, "ಹನುಮಂತ್ರಿ." ಹಿಂದೆ ಯಾರೂ ಇರದಿದ್ದರೆ, "ಗುಡಿಯಾಗ ಇರ್ತಾನಲ್ರಿ, ಗದಾ ಹಿಡಕೊಂಡು." ಅಜ್ಜಿಗೆ ಹೇಳಲು ಕಷ್ಟವಾದದ್ದು ತನ್ನ ಹೆಸರು. ಇಪ್ಪತ್ತಾರು ವರ್ಷದ ಮೇಲೆ ಇವರು ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು, ಗಂಡನ ಹೆಸರಿಗೆ ಮಾತ್ರ ನಾಚುತ್ತಿದ್ದರು. ಆ ಮಧ್ಯಾಹ್ನ ನನಗೆ ಇದು ದೊಡ್ಡ ಸಂಗತಿ ಎನಿಸಿತು, ಈಗಲೂ ಹಾಗೇ ಅನಿಸುತ್ತದೆ.

ಅದೇ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಪಕ್ಷಕ್ಕೆ ಹೊಸದಾಗಿ ಕೈ ಗುರುತು ಬಂದಿತ್ತು. ಒಬ್ಬ ಮುದುಕಿ ಮತಪತ್ರ ತಿರುಗಿಸಿ ನೋಡಿ, "ಆಕಳಾ ಕರಾ ಎಲ್ಲಿ ಹೋತ್ರಿ?" ಎಂದಳು. ಉತ್ತರ ಹೇಳುವುದು ನಮ್ಮ ಕೆಲಸವಲ್ಲ. ಆಕೆ ಬಹಳ ಹೊತ್ತು ನಿಂತು ಯೋಚಿಸಿ ತಾನೇ ಮುದ್ರೆ ಒತ್ತಿ ಬಂದಳು.

1989ರ ನವೆಂಬರಿನಲ್ಲಿ ರಾಯಚೂರು ನಗರದಲ್ಲಿ ಕೂತೆ. ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೆ ಮತದಾನ. ಓಟಿನ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದಿದ್ದರಿಂದ ನನ್ನ ಹಳೆಯ ವಿದ್ಯಾರ್ಥಿಗಳೇ ಸಾಲಿನಲ್ಲಿದ್ದರು. ನಗರದ ಪಟ್ಟಿ ಓದುವುದೆಂದರೆ ಮೂರು ಭಾಷೆ ಓದಿದ ಹಾಗೆ. 1871ರಲ್ಲಿ ಬೊಂಬಾಯಿ ಕಡೆಯ ರೈಲು ಹಳಿಯೂ ಮದರಾಸಿನ ಹಳಿಯೂ ಬಂದು ಕೂಡಿದ ಊರು ಇದು. ಕೋಟೆಯ ಸುತ್ತ, ತೀನ್ ಕಂದೀಲ್ ಸುತ್ತ ಕನ್ನಡ, ಉರ್ದು, ತೆಲುಗು ಬೆರೆತೇ ಇವೆ. ಕನ್ನಡ ಅಕ್ಷರದಲ್ಲಿ ಅಚ್ಚಾದ ಉರ್ದು ಹೆಸರನ್ನು ನಾನು ತಪ್ಪಾಗಿ ಕೂಗಿದಾಗ ಒಬ್ಬ ಹಿರಿಯರು ಮೇಜಿನ ಮೇಲೆ ಬೆರಳೂರಿ, "ಮಾಸ್ತರ್ ಸಾಬ್, ಹೀಂಗ್ ಅನ್ನಬೇಕು" ಎಂದು ತಿದ್ದಿದರು. ಅಂದಿನಿಂದ ಹಿಂದಿನ ರಾತ್ರಿಯೇ ಹೆಸರುಗಳನ್ನು ಬಾಯಲ್ಲಿ ಹೇಳಿಕೊಂಡು ಹೋಗುತ್ತಿದ್ದೆ. ವರ್ಷಗಟ್ಟಲೆ ಕಾದು ಬಂದವನ ಹೆಸರನ್ನು ಸರಿಯಾಗಿ ಕೂಗುವುದು ಅವನಿಗೆ ಸಲ್ಲಬೇಕಾದ ಮರ್ಯಾದೆ.

2008ರಲ್ಲಿ ಕ್ಷೇತ್ರಗಳ ನಕ್ಷೆಯೇ ಬದಲಾಯಿತು. ಕಲ್ಮಲಾ ಕ್ಷೇತ್ರ ಅಳಿಯಿತು, ಮಸ್ಕಿ ಹುಟ್ಟಿತು. ರಾಜ್ಯದಲ್ಲಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಸ್ಥಾನಗಳು ಎರಡರಿಂದ ಹದಿನೈದಕ್ಕೆ ಏರಿದವು. ಅದರಲ್ಲಿ ನಾಲ್ಕು ನಮ್ಮ ಜಿಲ್ಲೆಯವು: ರಾಯಚೂರು ಗ್ರಾಮೀಣ, ಮಾನ್ವಿ, ದೇವದುರ್ಗ, ಮಸ್ಕಿ. 1991ರ ತಿದ್ದುಪಡಿಯಲ್ಲಿ ನಾಯಕ, ಬೇಡ, ವಾಲ್ಮೀಕಿ ಎಂಬ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದರ ಫಲ ಹೀಗೆ ವಿಧಾನಸಭೆಯವರೆಗೆ ಮುಟ್ಟಿತು. ಅಲ್ಲಿಯೂ ನಡೆದದ್ದು ಹೆಸರಿನ ಹೋರಾಟವೇ.

ಆಮೇಲಿನ ದೇವದುರ್ಗ ಒಂದು ಕತೆ. 2008ರ ಮೇ ತಿಂಗಳಲ್ಲಿ ಜನತಾದಳದಿಂದ ಗೆದ್ದ ಕೆ. ಶಿವನಗೌಡ ನಾಯಕ ರಾಜೀನಾಮೆ ಕೊಟ್ಟು, ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಮತ್ತೆ ಗೆದ್ದರು. 2013ರಲ್ಲಿ ಕಾಂಗ್ರೆಸ್ಸಿನ ಎ. ವೆಂಕಟೇಶ ನಾಯಕ ಗೆದ್ದರು. 2015ರ ಆಗಸ್ಟ್ 24ರಂದು ಪೆನುಕೊಂಡದ ಹತ್ತಿರ ಅವರಿದ್ದ ನಾಂದೇಡ್ ಎಕ್ಸ್‌ಪ್ರೆಸ್ಸಿಗೆ ಗ್ರಾನೈಟ್ ಹೊತ್ತ ಲಾರಿ ಬಡಿದು ಅವರು ತೀರಿಕೊಂಡರು. 2016ರ ಫೆಬ್ರುವರಿಯ ಉಪಚುನಾವಣೆಯಲ್ಲೂ 2018ರಲ್ಲೂ ಶಿವನಗೌಡ ನಾಯಕರೇ. 2023ರಲ್ಲಿ ಮತ್ತೊಂದು ಚುನಾವಣೆ. ಹದಿನೈದು ವರ್ಷದಲ್ಲಿ ಆರು ಸಲ ಆ ತಾಲ್ಲೂಕಿನ ಜನ ವಿಧಾನಸಭೆಗಾಗಿ ಬಿಸಿಲಲ್ಲಿ ಸಾಲು ನಿಂತರು.

ಸಾಲು ನಿಂತವರಲ್ಲಿ ಎಷ್ಟೋ ಮಂದಿ ದೂರದಿಂದ ಬಂದವರು. ಕೂಗಿದರೂ ಬಾರದ ಹೆಸರುಗಳೂ ಪಟ್ಟಿಯಲ್ಲಿ ಇರುತ್ತವೆ. ಕೇಳಿದರೆ ಏಜೆಂಟರು ಒಂದೇ ಮಾತು ಅನ್ನುವರು: "ಗುಳೇ ಹೋಗ್ಯಾರ್ರಿ." ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ. ನಡುವಿನ ಈ ನೆಲದ ಜನ ಬೆಂಗಳೂರಿನಲ್ಲಿ ಮನೆ ಕಟ್ಟುವ ಕೂಲಿಗೆ ಹೋಗುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗ ಮಾನ್ವಿ, ರಾಯಚೂರಿನದು. ಮೇಲಿನವರು ಹರಿಸಿಕೊಂಡು ಉಳಿದದ್ದು ಇಲ್ಲಿಗೆ. ಕೊನೇ ಭಾಗಕ್ಕೆ ನೀರು ಎಂಬ ಮಾತನ್ನು ನಾನು ಎಷ್ಟು ಪ್ರಚಾರದ ಜೀಪುಗಳಿಂದ ಕೇಳಿದ್ದೇನೋ. ಆ ಮಾತು ಪೂರ್ತಿ ನಡೆಯುವ ತನಕ ಪಟ್ಟಿಯ ಆ ಹೆಸರುಗಳು ಊರಲ್ಲಿ ನಿಲ್ಲಲಾರವು. ಆದರೂ ಓಟಿನ ಮುನ್ನಾದಿನ ಬಸ್ಸುಗಳ ತುಂಬ ಮಕ್ಕಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಅವರು ಬರುತ್ತಾರೆ. ಓಟು ಹಾಕದಿದ್ದರೆ ಪಟ್ಟಿಯಿಂದ ಹೆಸರು ತೆಗೆದುಹಾಕುತ್ತಾರೆಂಬ ಭಯ ಕೆಲವರಿಗೆ. ಹೆಸರು ಹೋಯಿತೆಂದರೆ ಊರೇ ಹೋದಂತೆ.

2023ರ ಮೇ 10ರ ಹೊತ್ತಿಗೆ ನಾನು ನಿವೃತ್ತ. ರಾಯಚೂರು ನಗರದಲ್ಲಿ ಮತದಾರನಾಗಿ ಸಾಲಿನಲ್ಲಿ ನಿಂತೆ. ಮೇಜಿನ ಹಿಂದೆ ಒಬ್ಬ ಎಳೆಯ ಶಿಕ್ಷಕಿ ನನ್ನ ಹೆಸರನ್ನು ಸ್ಪಷ್ಟವಾಗಿ ಕೂಗಿದಳು. ಇಷ್ಟು ವರ್ಷ ಕೂಗಿದವನಿಗೆ, ಕೂಗಿಸಿಕೊಂಡಾಗ ಎದೆಯಲ್ಲಿ ಏನಾಗುತ್ತದೆಂದು ಆಗ ತಿಳಿಯಿತು.

ಮೂರು ದಿನದ ಮೇಲೆ ಎಣಿಕೆ. ನಗರದಲ್ಲಿ ಡಾ. ಶಿವರಾಜ ಪಾಟೀಲ ಸತತ ಮೂರನೇ ಸಲ ಗೆದ್ದರು. ಮಾನ್ವಿಯಲ್ಲಿ ಜಿ. ಹಂಪಯ್ಯ ನಾಯಕ ಒಂದು ಅವಧಿಯ ಬಿಡುವಿನ ನಂತರ ಮರಳಿದರು. ದೇವದುರ್ಗದಲ್ಲಿ 34 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಜನತಾದಳದ ಅಭ್ಯರ್ಥಿ ಗೆದ್ದರು. ಹೆಸರು ಕರೆಮ್ಮ.

ಟಿವಿಯಲ್ಲಿ ಆ ಹೆಸರು ಕೇಳಿದಾಗ ಕಪಾಟಿನಿಂದ ನನ್ನ ಹಳೆಯ ಡೈರಿ ತೆಗೆದೆ. 1978ರ ಆ ರಾತ್ರಿ ಕಂದೀಲಿನ ಬೆಳಕಲ್ಲಿ ಬರೆದುಕೊಂಡ ಹೆಸರುಗಳು ಅದರಲ್ಲಿದ್ದವು. ಹುಲಿಗೆಮ್ಮ, ದುರಗಮ್ಮ, ಅಯ್ಯಮ್ಮ, ಕರೆಮ್ಮ. ಇವರು ಬೇರೆ, ಅವರು ಬೇರೆ. ಯಾವ ಪಕ್ಷ ಎಂಬುದೂ ನನಗೆ ಆ ಗಳಿಗೆಯಲ್ಲಿ ಮುಖ್ಯವಾಗಲಿಲ್ಲ. ಅಜ್ಜ ಕೊಟ್ಟಿಗೆಗೆ ಹೋಗುವವರೆಗೆ ಕಾದು ಹುಸೇನಮ್ಮ ಮೆಲ್ಲಗೆ ಹೇಳಿದಂಥ ಒಂದು ಹಳ್ಳಿಯ ಹೆಸರನ್ನು, ಎಣಿಕೆ ಕೇಂದ್ರದ ಮೈಕಿನಲ್ಲಿ ಯಾರೋ ಗಟ್ಟಿಯಾಗಿ ಕೂಗುತ್ತಿದ್ದರು.